ಜನವರಿಯಲ್ಲಿ ಕಿಟಕಿ ಮುಚ್ಚಿ ಕಲಿಸಿದ ‘ಸ್ಟಫಿ’

‘ಸ್ಟಫಿ’ ಎಂಬ ಒಂದು ಇಂಗ್ಲಿಷ್ ಪದದ ಜೊತೆ ಮೂರು ವರ್ಷ ಏಗಿದೆ ಎಂದರೆ ವಿಜಯಪುರದ ನನ್ನ ಜೊತೆಯ ಮೇಷ್ಟ್ರುಗಳು ಇಂದಿಗೂ ನಗುತ್ತಾರೆ. ‘ಗಾಳಿಯಾಡದ’ ಎಂದು ಅರ್ಥ ಬರೆಸಿ ಮುಂದೆ ಹೋಗಿ ಎನ್ನುವುದು ಅವರ ಉಪದೇಶ. ನಾನೂ ಮೊದಲು ಹಾಗೆಯೇ ಬರೆಸಿದ್ದೆ. ವಾಕ್ಯ ಮಾಡಿ ಎಂದರೆ ಬಂದದ್ದು: ‘ಮೈ ಅಂಕಲ್ ಈಸ್ ವೆರಿ ಸ್ಟಫಿ’. ಸೋದರಮಾವನ ತಲೆಯಲ್ಲಿ ಭಾರಿ ‘ಸ್ಟಫ್’ ಇದೆ ಎಂಬುದು ಹುಡುಗನ ಲೆಕ್ಕ. ಇಂಗ್ಲಿಷರ ಕಿವಿಗೆ ಅದು ಮಾವ ಹಳೇ ಕಾಲದ ಮಡಿವಂತ, ಬಿಗಿ ಮುಖದವರು ಎಂದು ಕೇಳಿಸುತ್ತದೆ. ಇನ್ನೊಬ್ಬಳು ಎಣ್ಣೆಗಾಯಿಯನ್ನು ‘ಸ್ಟಫಿ ಬ್ರಿಂಜಾಲ್’ ಮಾಡಿದ್ದಳು. ಅವಳನ್ನು ಪೂರ್ತಿ ಬೈಯಲಾಗದು, ಎರಡಕ್ಕೂ ಮೂಲ ತುರುಕುವುದೇ. ಬದನೆಕಾಯಿಗಾದರೆ ಸ್ಟಫ್ಡ್, ಅಷ್ಟೇ.

ಆಮೇಲೆ ಸುಮಾರು ಎರಡು ಸಾವಿರ ಸುರಿದು ಬಣ್ಣದ ಚಿತ್ರಗಳನ್ನು ಮುದ್ರಿಸಿದೆ. ದಂಡ. ಗಾಳಿ ಇಲ್ಲದಿರುವುದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ?

ಮರುವರ್ಷ ಮೇ ತಿಂಗಳಲ್ಲಿ ನಾನು ಇಂಗ್ಲಿಷ್ ಪಾಠ ಹೇಳುವ ತಗಡಿನ ಖೋಲಿಯ ಬಾಗಿಲು ಹಾಕಿ ಫ್ಯಾನ್ ನಿಲ್ಲಿಸಿದೆ. ಐದೇ ನಿಮಿಷಕ್ಕೆ ಎಲ್ಲರ ಬಾಯಲ್ಲೂ ‘ಹಾಟ್’, ‘ಸಫೋಕೇಶನ್’. ಒಬ್ಬಳ ತಂದೆ ಬಂದು ಜಗಳ ತೆಗೆದರು. ನಾಲ್ವರು ಬಿಟ್ಟುಹೋದರು, ತಿಂಗಳಿಗೆ ಎರಡು ಸಾವಿರದಷ್ಟು ಖೋತಾ.

ಈ ‘ಸಫೋಕೇಶನ್’ ನಮ್ಮವರಿಗೆ ಅಂಟಿದ ಚಟ. ತಿಕೋಟಾ ಕಡೆಯ ಹುಡುಗನೊಬ್ಬ, ‘ಸರ್, ಹಗೇವು ಸ್ಟಫಿ ಅಲ್ಲವೇ?’ ಎಂದ. ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ; ಅದರ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ, ಇಳಿದರೆ ಜೀವ ಹೋದೀತು. ಸಫೋಕೇಶನ್ ಎಂದರೆ ಅದು. ಸ್ಟಫಿ ಖೋಲಿಯಲ್ಲಿ ಯಾರೂ ಸಾಯುವುದಿಲ್ಲ. ಆಕಳಿಕೆ ಬರುತ್ತದೆ, ತಲೆ ಭಾರವಾಗುತ್ತದೆ, ಯಾರಾದರೂ ಕಿಟಕಿ ತೆಗೆಯಬಾರದೇ ಅನ್ನಿಸುತ್ತದೆ.

ಕೆಲಸ ಕೆಡಿಸಿದ್ದು ಮೇ ತಿಂಗಳ ಧಗೆ ಎಂದು ಆಗ ಹೊಳೆಯಿತು. ಬಿಸಿಯನ್ನು ಬೇರೆ ಮಾಡದೆ ಈ ಪದ ಕೈಗೆ ಸಿಗುವುದಿಲ್ಲ. ಜನವರಿಯ ಬೆಳಗಿನ ಬ್ಯಾಚು, ಸ್ವೆಟರು ತೊಟ್ಟ ಇಪ್ಪತ್ತೆರಡು ಮಂದಿ, ಕಿಟಕಿ ಭದ್ರ. ಇಬ್ಬರನ್ನು ಮಾತ್ರ ಅಂಗಳದಲ್ಲಿ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ಒಳಗೆ ಕರೆದರೆ ಹೊಸ್ತಿಲಲ್ಲೇ ಮೂಗು ಹಿಂಡಿಕೊಂಡರು: ತಲೆಗೆಣ್ಣೆ, ಸಾಕ್ಸು, ಯಾರದೋ ಡಬ್ಬಿಯ ಶೇಂಗಾ ಚಟ್ನಿ. ಒಳಗಿದ್ದವರಿಗೆ ಏನೂ ಗೊತ್ತಿಲ್ಲ! ಸೆಕೆಯಂತೂ ಇಲ್ಲವೇ ಇಲ್ಲ. ಆಗ ಪದ ಬರೆದೆ, ಅರ್ಥ ಬರೆಯಲಿಲ್ಲ. ಬಾಗಿಲು ತೆಗೆಯುವ ಮುನ್ನ ಕೇಳುವ ಒಂದು ಪ್ರಶ್ನೆ ಇದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳುವುದಿಲ್ಲ.

ಹುರುಪಿನಲ್ಲಿ ಎಲ್ಲರನ್ನೂ ಗೋಳಗುಮ್ಮಟಕ್ಕೂ ಕರೆದೊಯ್ದೆ. ಗುಮ್ಮಟದ ಕೆಳಗಿನ ಹಜಾರ ಸ್ಟಫಿ ಅಲ್ಲ, ಮೂಲೆಯ ಏಳಂತಸ್ತಿನ ಮಿನಾರಿನ ಇಕ್ಕಟ್ಟು ಮೆಟ್ಟಿಲು ಸ್ಟಫಿ ಎಂದು ತೀರ್ಪಾಯಿತು. ಮೇಲೆ ಹೋದ ಮೇಲೆ ಎಲ್ಲರೂ ಕೂಗಾಟದಲ್ಲಿ ಮುಳುಗಿದ್ದರಿಂದ ಪಾಠ ಅಲ್ಲಿಗೇ ನಿಂತಿತು.

ಹೋದ ಜನವರಿಯಲ್ಲಿ, ಅರ್ಥ ಬರೆಸಿ ಸಾಕು ಎನ್ನುತ್ತಿದ್ದ ಮೇಷ್ಟ್ರೊಬ್ಬರು ನಡುವೆ ಬಾಗಿಲು ತಳ್ಳಿ, ‘ಏನ್ರೀ ಇದು, ಸಫೋಕೇಶನ್!’ ಎಂದರು. ನಾನು ಬಾಯಿ ತೆರೆಯಬೇಕಾಗಲಿಲ್ಲ. ಹಿಂದಿನ ಬೆಂಚಿನಿಂದಲೇ ತಿದ್ದುಪಡಿ ಬಂತು.