ಟ್ಯಾಬ್‌ಗೆ ಬೇರೆ ಸಿಮ್: ನಂಬರಿನ ರಗಳೆ, ದುಡ್ಡಿನ ಲೆಕ್ಕ

ಟ್ಯಾಬ್‌ಗೆ ಬೇರೆ ಸಿಮ್ ಯಾಕೆ, ಹಾಟ್‌ಸ್ಪಾಟ್ ಸಾಕಲ್ವಾ ಅಂತ ಸಿರ್ಸಿ ಪೇಟೆಯಲ್ಲಿ ಸಿಕ್ಕವರೆಲ್ಲ ಹೇಳಿದರು. ಸಾಕಾಗುವುದಿಲ್ಲ. ಅಡಿಕೆ ಮಾರಲು ನಾನು ಪೇಟೆಗೆ ಹೊರಟರೆ ಹಾಟ್‌ಸ್ಪಾಟೂ ನನ್ನ ಕಿಸೆಯಲ್ಲೇ ಹೊರಡುತ್ತದೆ. ಮನೆಯಲ್ಲಿ ಆಯಿ ಟ್ಯಾಬ್‌ನಲ್ಲಿ ಯಕ್ಷಗಾನ ಹಾಕಿಕೊಂಡು ಕೂತಿರುತ್ತಾಳೆ. ಫೈಬರ್ ಇದೆ, ಆದರೆ ಮಳೆಗಾಲದಲ್ಲಿ ಮರ ಬಿದ್ದರೆ ಲೈನೂ ಇಲ್ಲ, ಕರೆಂಟೂ ಇಲ್ಲ.

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ಉಪಾಯ. ಫೋನಿನಲ್ಲಿ ದಿನಕ್ಕೆ ಎರಡು ಜಿಬಿ ಬರುತ್ತದೆ, ಅರ್ಧ ಉಳಿಯುತ್ತದೆ. ಅದೇ ನಂಬರಿನ ಇನ್ನೊಂದು ಸಿಮ್ ತೆಗೆದು ಟ್ಯಾಬ್‌ಗೆ ಹಾಕಿದೆ. ಹೊಸದು ಶುರುವಾದ ಕೂಡಲೇ ಫೋನಿನಲ್ಲಿದ್ದದ್ದು ಸತ್ತಿತು. ಕೆಲವು ವಾಚುಗಳಿಗೆ ಫೋನಿನ ನಂಬರನ್ನೇ ಇ-ಸಿಮ್‌ನಲ್ಲಿ ಕೊಡುತ್ತಾರೆ, ಟ್ಯಾಬ್‌ಗೆ ಆ ಭಾಗ್ಯವಿಲ್ಲ. ಮೇಲಿಂದ, ಸಿಮ್ ಬದಲಾದರೆ 24 ಗಂಟೆ ಎಸ್ಸೆಮ್ಮೆಸ್ ಬಂದ್. ಮೋಸ ತಡೆಯಲು ಮಾಡಿದ ನಿಯಮ, ಒಳ್ಳೆಯದೇ. ಆದರೆ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ದುಡ್ಡು ಕಳಿಸಬೇಕಾದ ದಿನವೇ ಬ್ಯಾಂಕಿನ ಒಟಿಪಿ ಬರಲಿಲ್ಲ.

ಆಮೇಲೆ ಪ್ರೀಪೇಯ್ಡ್. ಬೇರೆ ಸಿಮ್, ಬೇರೆ ನಂಬರ್. ಟ್ಯಾಬ್‌ನಿಂದ ಯಾರೂ ಕಾಲ್ ಮಾಡುವುದಿಲ್ಲ, ಬರೀ ಡೇಟಾ ಪ್ಯಾಕ್ ಹಾಕಿದರಾಯ್ತು ಅಂತ ಲೆಕ್ಕ ಹಾಕಿದ್ದೆ. ನನಗೆ ಸಿಕ್ಕ ಸಣ್ಣ ಪ್ಯಾಕುಗಳು ಮೇನ್ ಪ್ಲಾನ್ ಇದ್ದರೆ ಮಾತ್ರ ನಡೆಯುವಂಥವು. ಹಾಗಾಗಿ 28 ದಿನಕ್ಕೊಮ್ಮೆ ಮುನ್ನೂರರ ಆಸುಪಾಸು ಹೋಗತೊಡಗಿತು. ಅದರಲ್ಲಿ ಅನ್‌ಲಿಮಿಟೆಡ್ ಕಾಲ್, ದಿನಕ್ಕೆ ನೂರು ಎಸ್ಸೆಮ್ಮೆಸ್. ನಮ್ಮ ಟ್ಯಾಬ್‌ನಲ್ಲಿ ಡಯಲರ್ರೇ ಇಲ್ಲ! ವರ್ಷಕ್ಕೆ 13 ರೀಚಾರ್ಜ್, ನಾಲ್ಕು ಸಾವಿರದ ಹತ್ತಿರ.

ಜಾಸ್ತಿ ತಲೆ ತಿಂದಿದ್ದು ಆ ನಂಬರ್. ಟ್ಯಾಬ್‌ನ ನಂಬರ್ ಯಾರಿಗೂ ಬಾಯಿಪಾಠ ಇರುವುದಿಲ್ಲ, ರೀಚಾರ್ಜಿಗೆ ಮಾತ್ರ ಅದೇ ಬೇಕು. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ‘ಅನ್‌ನೋನ್’ ಅಂತ ಬರುತ್ತಿತ್ತು. ನೆಟ್‌ವರ್ಕ್ ಸಿಮ್ಮನ್ನು ಗುರುತು ಹಿಡಿಯುವುದು 404 ಅಥವಾ 405ರಿಂದ ಶುರುವಾಗುವ, ಸಿಮ್ಮಿನೊಳಗಿನ ಗುರುತಿನ ಸಂಖ್ಯೆಯಾದ ಐಎಂಎಸ್‌ಐಯಿಂದ. ಹತ್ತಂಕಿಯ ನಂಬರ್ ಇರುವುದು ಕಂಪನಿಯ ಲೆಕ್ಕದಲ್ಲಿ, ಸಿಮ್‌ನೊಳಗೆ ಇರಲೇಬೇಕೆಂದಿಲ್ಲ. ಆಯಿಯ ಹಳೆ ಕೀಪ್ಯಾಡ್ ಸೆಟ್ಟಿಗೆ ಹಾಕಿ ನೋಡಿದೆ. ನ್ಯಾನೋ ಸಿಮ್ಮು ಅಡಾಪ್ಟರ್ ಸಮೇತ ಒಳಗೆ ಸಿಕ್ಕಿಕೊಂಡು, ಹೊಲಿಗೆ ಸೂಜಿಯಿಂದ ಎಬ್ಬಬೇಕಾಯ್ತು. ಸಿಗ್ನಲ್ಲೂ ಬರಲಿಲ್ಲ. ಸೆಟ್ಟು 2ಜಿ, ಸಿಮ್ಮಿನ ಕಂಪನಿಗೆ 2ಜಿಯೇ ಇಲ್ಲ. ಕೊನೆಗೆ ನನ್ನ ಫೋನಿನ ಎರಡನೇ ಸ್ಲಾಟಿಗೆ ಹಾಕಿ ತಂಗಿಗೆ ಮಿಸ್ಡ್ ಕಾಲ್ ಕೊಟ್ಟು ನಂಬರ್ ತಿಳಿದುಕೊಂಡೆ. ಈಗ ಟ್ಯಾಬ್‌ನ ಕವರಿನೊಳಗೆ ಪೆನ್ನಲ್ಲಿ ಬರೆದಿಟ್ಟಿದ್ದೇನೆ.

ಕೈ ಹಿಡಿದಿದ್ದು ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್. ನನ್ನದು ಮುಖ್ಯ ನಂಬರ್, ಹೆಂಡತಿಯದ್ದು ಮತ್ತು ಟ್ಯಾಬ್‌ನದ್ದು ಆಡ್-ಆನ್. ಮೂರಕ್ಕೂ ನಂಬರ್ ಬೇರೆ ಬೇರೆ, ಡೇಟಾ ಹಂಚಿಕೆಯದ್ದು, ಬಿಲ್ ನನಗೊಬ್ಬನಿಗೆ. ಟ್ಯಾಬ್‌ನ ನಂಬರಿಗೆ ಈಗ ಯಾರೂ ರೀಚಾರ್ಜ್ ಮಾಡಬೇಕಿಲ್ಲ. ‘ಭಟ್ರೇ, ಪೋಸ್ಟ್‌ಪೇಯ್ಡ್ ಬಿಲ್ ಹಿಡಿತಕ್ಕೆ ಸಿಗೂದಿಲ್ಲ, ಸುಮ್ನೆ ಸಿಕ್ಕಿಬೀಳ್ತೀರಿ’ ಅಂದಿದ್ದ ರೀಚಾರ್ಜ್ ಅಂಗಡಿಯವನು. ಮುಖ್ಯ ಪ್ಲಾನ್ ನಾನೂರೈವತ್ತರ ಹತ್ತಿರ, ಆಡ್-ಆನ್ ಒಂದಕ್ಕೆ ಸುಮಾರು ನೂರೈವತ್ತು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಒಳಗೇ ಇರುತ್ತದೆ, ಹೋಲಿಸುವಾಗ ನೆನಪಿರಲಿ. ಎಲ್ಲ ಸೇರಿ ತಿಂಗಳಿಗೆ ಒಂಬೈನೂರರ ಒಳಗೆ. ಮೊದಲು ಮೂರಕ್ಕೆ ಸಾವಿರ ದಾಟುತ್ತಿತ್ತು. ಬರೀ ಎರಡೇ ಸಿಮ್ ಇರುವವರಿಗೆ ಇದರಲ್ಲಿ ಅಂಥ ಲಾಭ ಇಲ್ಲ.

ಕಡಿಮೆಯಾಗಿದ್ದು ಡೇಟಾ. ತಿಂಗಳಿಗೆ ಎಂಬತ್ತು ಚಿಲ್ಲರೆ ಜಿಬಿ, ಮೀರಿದರೆ ಪ್ರತಿ ಜಿಬಿಗೆ ಹತ್ತು ರೂಪಾಯಿ. ರಾತ್ರಿಯಿಡೀ ಯಕ್ಷಗಾನದ ಆಟ ಓಡಿದರೆ ಎಲ್ಲಿಗೆ ಸಾಕು? ಟ್ಯಾಬ್‌ನಲ್ಲಿ 40 ಜಿಬಿಗೆ ಲಿಮಿಟ್ ಹಾಕಿ, ವಿಡಿಯೋ ಗುಣಮಟ್ಟ 360ಕ್ಕೆ ಇಳಿಸಿದೆ. ‘ತಮಾ, ಭಾಗವತ್ರ ಪದ ಕೇಳ್ತು, ವೇಷದ ಮುಖನೇ ಕಾಣ್ತಿಲ್ಲೆ’ ಅಂದಳು ಆಯಿ. 480ಕ್ಕೆ ರಾಜಿಯಾಯ್ತು.

ಟ್ಯಾಬ್‌ನ ನಂಬರನ್ನು ಬ್ಯಾಂಕಿಗೆ ಮಾತ್ರ ಕೊಡಬೇಡಿ. ಯುಪಿಐ ನೋಂದಣಿಗೆ ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು, ಎಷ್ಟೋ ಟ್ಯಾಬ್‌ಗಳಲ್ಲಿ ಅದಕ್ಕೆ ದಾರಿಯೇ ಇಲ್ಲ.

ನಡುವೆ ಇನ್ನೊಂದು ಹುಚ್ಚು. ಬೇಸಿಗೆಯಲ್ಲಿ ತೋಟದ ಪಂಪಿನ ಮೊಬೈಲ್ ಸ್ಟಾರ್ಟರಿಗೆ, ಮಳೆಗಾಲದಲ್ಲಿ ಟ್ಯಾಬ್‌ಗೆ, ಹೀಗೆ ಒಂದೇ ಸಿಮ್ ತಿರುಗಿಸೋಣ ಅಂತ. ಸ್ಟಾರ್ಟರೂ 2ಜಿ, ಕಥೆ ಅಲ್ಲಿಗೇ ಮುಗಿಯಿತು. ಮೀಟರು, ಗಾಡಿಯ ಟ್ರ್ಯಾಕರಿಗೆ ಹಾಕುವ 13 ಅಂಕಿಯ ಎಂ2ಎಂ (ಯಂತ್ರದಿಂದ ಯಂತ್ರಕ್ಕೆ) ಸಿಮ್ ಸಿಗುತ್ತದಾ ಅಂತಲೂ ವಿಚಾರಿಸಿದೆ. ಅದು ಟ್ಯಾಬ್‌ಗೆ ಕೊಡುವಂಥದ್ದಲ್ಲ ಅಂದರು. ಒಬ್ಬರ ಹೆಸರಲ್ಲಿ ಒಂಬತ್ತೇ ಸಿಮ್, ಟ್ಯಾಬ್‌ನದ್ದೂ ಪಂಪಿನದ್ದೂ ಆ ಲೆಕ್ಕಕ್ಕೇ ಸೇರುತ್ತವೆ. ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನನ್ನ ಹೆಸರಿನ ಪಟ್ಟಿ ತೆಗೆದರೆ, ಎಂದೋ ಬಿಟ್ಟ ಡಾಂಗಲ್‌ನ ಸಿಮ್ಮೊಂದು ಇನ್ನೂ ಅಲ್ಲೇ ಇತ್ತು. ‘ಬೇಕಾಗಿಲ್ಲ’ ಅಂತ ಒತ್ತಿ ಕಳಿಸಿದೆ.