ಬಿಚ್ಚುವ ಮೊದಲು ಅಳತೆ

ಗದಗ-ಬೆಟಗೇರಿಯ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದ ಹಳೆ ಕಾರಿನ ರೇಡಿಯೇಟರ್ ಅದು, ಇಂಜಿನ್ನಿನಲ್ಲಿ ಕಾದ ನೀರನ್ನು ತಣಿಸುವ ಭಾಗ. ಕೆಳಗಿನ ಹೋಸ್ ಪೈಪ್ ಕಳಚಿದಾಗ ಮೊದಲಿಗೆ ನೀರೇ ಬರಲಿಲ್ಲ. ಬೆರಳು ಹಾಕಿ ಕೆದರಿದ ಮೇಲೆ ಕೆಂಪು ರಾಡಿ ಇಳಿಯಿತು, ಅದರ ಹಿಂದೆ ಬಿಳಿ ಸುಣ್ಣದ ಚಕ್ಕೆಗಳು ಉದುರಿದವು. ನಮ್ಮ ಕಡೆಯ ಸವಳು ನೀರು ಕಾದಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಟ್ಟಿಯಾಗಿ ಒಳಗೋಡೆಗೆ ಕೂರುತ್ತವೆ. ಸ್ನಾನದ ಮನೆಯ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಇದು ಗೊತ್ತು. ರೇಡಿಯೇಟರಿನ ನಳಿಕೆಗಳು ಬಲು ಸಪೂರ. ಅರ್ಧ ಮಿಲಿಮೀಟರ್ ಸುಣ್ಣ ಕೂತರೂ ನೀರು ಹರಿಯುವುದು ಕಷ್ಟ.

ಕಾರು ನನ್ನ ಸೋದರಮಾವನದು, 1997ರ ಮಾರುತಿ 800. ಅವರು ದನದ ಡಾಕ್ಟರಾಗಿದ್ದರು. ರೋಣ ತಾಲ್ಲೂಕಿನ ಹಳ್ಳಿಹಳ್ಳಿಗೆ, ಎರಿ (ಕಪ್ಪು ಮಣ್ಣಿನ) ಹೊಲದ ಬದುವಿನ ತನಕ ಅದನ್ನು ಓಡಿಸಿದ್ದಾರೆ. ಗದಗ ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿತ್ತು, ಹಾಗಾಗಿ ನಂಬರ್ ಕೆಎ-25. ಓಡಿದ್ದು ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಅವರು ನಿವೃತ್ತರಾದ ಮೇಲೆ ಬಹಳ ದಿನ ಶೆಡ್ಡಿನಲ್ಲಿ ನಿಂತಿತ್ತು. ಮನೆಯಲ್ಲಿ ಎಲ್ಲರೂ ಗುಜರಿಗೆ ಹಾಕೋಣ ಅಂದರು. ನಾನು ಕೇಳಿ ತಂದೆ.

ತರುವುದಕ್ಕೆ ಕಾರಣ ಪ್ರೀತಿಯೊಂದೇ ಅಲ್ಲ. 1983ರಿಂದ 2014ರ ಆರಂಭದವರೆಗೆ ತಯಾರಾದ ಕಾರಿದು, ಬಿಡಿಭಾಗಗಳಿಗೆ ಇವತ್ತಿಗೂ ಬರ ಇಲ್ಲ. 796 ಸಿಸಿ, ಮೂರು ಸಿಲಿಂಡರ್, ನನ್ನ ಮಾಡೆಲಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುತ್ತದೆ. ಪಾನಾ ಹಿಡಿಯಲು ಬರುವ ಯಾರೇ ಆದರೂ ಮನೆಯ ಅಂಗಳದಲ್ಲಿ ಕಲಿಯಬಹುದಾದ ಇಂಜಿನ್.

ಕೆಲಸ ಶುರುಮಾಡುವ ಮೊದಲು ಹುಬ್ಬಳ್ಳಿಯಿಂದ ಹಳೆಯ ಪರಿಚಯದ ಉಸ್ತಾದರೊಬ್ಬರನ್ನು ಕರೆಸಿ ತೋರಿಸಿದ್ದೆ. ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಇಂಜಿನ್ ಒಂದೇ ಸಮ ನಡುಗುತ್ತಿತ್ತು.

"ಸರ, ಇಂಜಿನ್ ಬೋರಿಗೆ ಬಂದೈತ್ರಿ. ಇಳಿಸಿ ಬೋರ್ ಹೊಡಸ್ರಿ, ಇಲ್ಲಾಂದ್ರ ಬಿಟ್ಟಬಿಡ್ರಿ."

"ಉಸ್ತಾದ್, ಒಂದ್ಸಲ ಕಂಪ್ರೆಷನ್ ನೋಡೂಣ್ರಿ."

"ಹೊಗಿ ಕಾಣಾಕತ್ತೈತಲ್ರಿ, ಮತ್ತೇನ ನೋಡೂದು?"

ಬೋರ್ ಹೊಡೆಸುವುದೆಂದರೆ ಇಂಜಿನ್ ಇಳಿಸಿ ಬಿಚ್ಚಿ, ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸುವುದು. ಉಸ್ತಾದರ ಕೈ ದೊಡ್ಡದು, ಅನುಭವ ಅದಕ್ಕಿಂತ ದೊಡ್ಡದು. ಆದರೂ ಈ ಒಂದು ಮಾತನ್ನು ನಾನು ಒಪ್ಪಲಿಲ್ಲ. ಹೊಗೆ ಬಂದಿತೆಂದರೆ ಎಣ್ಣೆ ಉರಿಯುತ್ತಿದೆ ಎಂದಷ್ಟೇ ಅರ್ಥ. ಅದು ಯಾವ ದಾರಿಯಿಂದ ಒಳಗೆ ಇಳಿಯುತ್ತಿದೆ ಎಂಬುದನ್ನು ಅಳೆದೇ ತಿಳಿಯಬೇಕು. ಓಡಿದ ಕಿಲೋಮೀಟರ್ ನೋಡಿ ಇಂಜಿನ್ ಮುಗಿದಿದೆ ಎಂದು ತೀರ್ಮಾನಿಸುವ ರೂಢಿ ನಮ್ಮಲ್ಲಿ ಬಹಳ. ಎಷ್ಟೋ ಒಳ್ಳೆಯ ಇಂಜಿನ್‌ಗಳು ಹೀಗೇ ಸುಮ್ಮನೆ ಬಿಚ್ಚಿಸಿಕೊಂಡಿವೆ.

ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆಂದು ಅಳೆಯುವ ಕಂಪ್ರೆಷನ್ ಗೇಜ್ ದುಬಾರಿ ಸಾಮಾನಲ್ಲ. ಇಂಜಿನ್ ಬಿಸಿಯಾಗುವ ತನಕ ಓಡಿಸಿ ನಿಲ್ಲಿಸಿದೆ. ಮೂರೂ ಪ್ಲಗ್ ತೆಗೆದೆ. ಇಗ್ನಿಷನ್ ಕಾಯಿಲಿಗೆ ಹೋಗುವ ವೈರ್ ಕಳಚಿದೆ. ಬ್ಯಾಟರಿ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿದ್ದೆ, ಏಕೆಂದರೆ ಸೆಲ್ಫ್ ನಿಧಾನ ತಿರುಗಿದರೆ ಗೇಜ್ ಸುಳ್ಳು ಹೇಳುತ್ತದೆ. ಮಗಳು ಒಳಗೆ ಕೂತು ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದಳು. ಇದನ್ನು ಬಹಳ ಜನ ಬಿಡುತ್ತಾರೆ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಹೋಗದು, ಒಳ್ಳೆಯ ಇಂಜಿನ್ ಕೂಡ ಕೆಟ್ಟಂತೆ ಕಾಣುತ್ತದೆ. ಮುಳ್ಳು ಇನ್ನು ಏರುವುದಿಲ್ಲ ಎನ್ನುವ ತನಕ ಸೆಲ್ಫ್ ಹೊಡೆಯಬೇಕು.

ಒಂದನೆಯ ಸಿಲಿಂಡರ್ 160 ಪಿಎಸ್‌ಐ (ಒತ್ತಡದ ಅಳತೆ), ಮೂರನೆಯದು 155. ನಡುವಿನದು 110.

ಆಮೇಲೆ ನಡುವಿನ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. ಪಿಸ್ಟನ್ ಸುತ್ತಲಿನ ರಿಂಗು, ಸಿಲಿಂಡರಿನ ಬೋರು ಸವೆದಿದ್ದರೆ ಆ ಎಣ್ಣೆ ಸಂದು ಮುಚ್ಚಿ ಮುಳ್ಳು ಜಿಗಿಯುತ್ತದೆ. ಇಲ್ಲಿ ಮುಳ್ಳು ಅಲ್ಲೇ ನಿಂತಿತು. ಅಂದರೆ ಸೋರಿಕೆ ಮೇಲೆ, ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವಿನಲ್ಲಿ. ಉಳಿದೆರಡು ಸಿಲಿಂಡರಿನ ಅಳತೆ ನೋಡಿದರೆ ಬೋರ್ ಹೊಡೆಸುವ ಮಾತೇ ಇಲ್ಲ.

ಮರುದಿನ ಇಂಜಿನ್ ತಣ್ಣಗಿದ್ದಾಗ ವಾಲ್ವ್ ಕವರ್ ತೆಗೆದೆ. ಎರಡನೆಯ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿಗೆ ತಂದು, ವಾಲ್ವ್ ಒತ್ತುವ ರಾಕರುಗಳನ್ನು ಬೆರಳಿನಿಂದ ಅಲ್ಲಾಡಿಸಿದೆ. ಇನ್‌ಲೆಟ್ ರಾಕರ್ ಟಕಟಕ ಎಂದಿತು. ಎಕ್ಸಾಸ್ಟ್ ರಾಕರ್ ಅಲುಗಲೇ ಇಲ್ಲ. ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳ್ಳನೆಯ ಪಟ್ಟಿಯೂ ಅಲ್ಲಿ ತೂರಲಿಲ್ಲ. ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೆ ವಾಲ್ವ್ ತನ್ನ ಸೀಟಿನೊಳಗೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ, ಅದರ ದಂಡ ಅಷ್ಟೇ ಮೇಲೆ ಏರುತ್ತದೆ, ರಾಕರಿಗೂ ದಂಡಕ್ಕೂ ನಡುವಿನ ಸಂದು ಮಾಯವಾಗುತ್ತದೆ. ಇಂಜಿನ್ ಕಾದು ಲೋಹ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಉರಿಯುವ ಗ್ಯಾಸ್ ಮುಚ್ಚದ ವಾಲ್ವಿನ ಅಂಚಿನಿಂದ ನುಗ್ಗುತ್ತದೆ. ಹಾಗೇ ಬಿಟ್ಟರೆ ವಾಲ್ವಿನ ಅಂಚು ಸುಟ್ಟು ಹೋಗುತ್ತದೆ, ಆಗ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚದೆ ಗತಿಯಿಲ್ಲ. ಟ್ಯಾಪೆಟ್ (ರಾಕರ್ ವಾಲ್ವನ್ನು ಒತ್ತುವ ಆ ಜಾಗ) ಸದ್ದು ಮಾಡಿದರೆ ಜನ ಗ್ಯಾರೇಜಿಗೆ ಓಡುತ್ತಾರೆ. ಸದ್ದೇ ಇಲ್ಲದ ಟ್ಯಾಪೆಟ್ ಅದಕ್ಕಿಂತ ಅಪಾಯ.

ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಮ್ಯಾನುಯಲ್ ಹೇಳಿದಷ್ಟು ಸಂದು ಇಟ್ಟು ಬಿಗಿದೆ. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿ ಅಳತೆ ಬದಲಾಗುತ್ತದೆ, ಆದ್ದರಿಂದ ಬಿಗಿದ ಮೇಲೆ ಫೀಲರ್ ಮತ್ತೊಮ್ಮೆ ಹಾಯಿಸಲೇಬೇಕು. ಕಾರು ಒಂದು ವಾರ ಓಡಾಡಿದ ಮೇಲೆ ನಡುವಿನ ಸಿಲಿಂಡರ್ 150 ತೋರಿಸಿತು. ನಡುಕ ನಿಂತಿತು. ಬೆಳಗಿನ ನೀಲಿ ಹೊಗೆ ಬೇರೆ ಕಥೆ. ಸ್ಟಾರ್ಟ್ ಆದಾಗ ಒಮ್ಮೆ ಬಂದು ಆಮೇಲೆ ನಿಲ್ಲುವ ಹೊಗೆಗೆ ಸಾಮಾನ್ಯವಾಗಿ ವಾಲ್ವ್ ಸ್ಟೆಮ್ ಸೀಲ್ ಕಾರಣ. ರಬ್ಬರ್ ಗಟ್ಟಿಯಾಗಿ, ರಾತ್ರಿಯಿಡೀ ಎಣ್ಣೆ ಹನಿಹನಿಯಾಗಿ ಕೆಳಗಿಳಿದಿರುತ್ತದೆ. ರಿಂಗ್ ಹೋಗಿದ್ದರೆ ಏರು ರಸ್ತೆಯಲ್ಲಿ, ಭಾರದಲ್ಲಿ ಹೊಗೆ ಬರುತ್ತಲೇ ಇರುತ್ತದೆ. ಸೀಲ್‌ಗಳನ್ನು ಉಸ್ತಾದರ ಕೈಯಿಂದಲೇ ಹಾಕಿಸಿದೆ. ಹೆಡ್ ಇಳಿಸದೆ, ಪ್ಲಗ್ ತೂತಿನಿಂದ ಹತ್ತಿ ಹಗ್ಗ ತುಂಬಿ, ಪಿಸ್ಟನ್ ಮೇಲೆತ್ತಿ ವಾಲ್ವ್ ಕೆಳಗೆ ಬೀಳದಂತೆ ಹಿಡಿದು ಅವರು ಅದನ್ನು ಮಾಡಿದ ರೀತಿ ನೋಡಲು ಚೆಂದ. ಗೇಜಿನ ಮುಳ್ಳು ಕಂಡ ಮೇಲೆ ಅವರು ಬೋರಿನ ಮಾತು ಎತ್ತಲಿಲ್ಲ.

ಮತ್ತೆ ನೀರಿಗೆ ಬರುತ್ತೇನೆ, ಏಕೆಂದರೆ ನಮ್ಮ ಭಾಗದ ಹಳೆ ಕಾರುಗಳನ್ನು ಓಟಕ್ಕಿಂತ ನೀರೇ ಹೆಚ್ಚು ಹಾಳು ಮಾಡಿದೆ. ಅಲ್ಯುಮಿನಿಯಂ ಹೆಡ್, ತಾಮ್ರ-ಹಿತ್ತಾಳೆಯ ರೇಡಿಯೇಟರ್, ಇವುಗಳ ನಡುವೆ ಉಪ್ಪಿನಂಶದ ನೀರು ಸುತ್ತುತ್ತಿದ್ದರೆ ಲೋಹ ತಿನ್ನಿಸಿಕೊಳ್ಳುತ್ತದೆ. ರೇಡಿಯೇಟರನ್ನು ಅಂಗಡಿಗೆ ಒಯ್ದು, ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಪ್ರತಿ ನಳಿಕೆಯಲ್ಲಿ ತೆಳ್ಳನೆಯ ಪಟ್ಟಿ ಹಾಯಿಸಿ ಸ್ವಚ್ಛ ಮಾಡಿಸಿದೆ. ಇಂಜಿನ್ನಿನೊಳಗಿನ ರಾಡಿಯನ್ನು ಮನೆಯಲ್ಲೇ ತೊಳೆದೆ: ಥರ್ಮೋಸ್ಟಾಟ್ (ನೀರು ಕಾಯುವ ತನಕ ರೇಡಿಯೇಟರಿನ ದಾರಿ ಮುಚ್ಚಿಡುವ ಭಾಗ) ಇರುವ ಜಾಗದಿಂದ ನೀರು ಬಿಟ್ಟು, ಹರಿಯುವ ದಿಕ್ಕಿಗೆ ಉಲ್ಟಾ, ತಿಳಿನೀರು ಬರುವ ತನಕ. ಈಗ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಬಿಟ್ಟರೆ ಅದಕ್ಕೆ ಬೇರೇನೂ ಹಾಕುವುದಿಲ್ಲ.

ಇನ್ನು ಥರ್ಮೋಸ್ಟಾಟ್. ನನ್ನ ಕಾರಿನಲ್ಲಿ ಅದು ಇರಲೇ ಇಲ್ಲ. ಎಂದೋ ಯಾರೋ ತೆಗೆದು ಒಗೆದಿದ್ದರು. 'ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕ ಬೇಕು' ಎನ್ನುವ ಮಾತು ಹುಬ್ಬಳ್ಳಿಯಿಂದ ಮುಂಡರಗಿ ತನಕ ಕೇಳಿದ್ದೇನೆ. ಇದನ್ನು ದಯವಿಟ್ಟು ನಂಬಬೇಡಿ. ಅದಿಲ್ಲದ ಇಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ಕೆಳಗಿಳಿಯುತ್ತದೆ, ಬೋರ್ ನಿಜಕ್ಕೂ ಸವೆಯುತ್ತದೆ. ಕಾರು ವಿಪರೀತ ಬಿಸಿಯಾಗುತ್ತಿದ್ದರೆ ಅದರ ಕಾರಣವನ್ನು ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಒತ್ತಡ ಹಿಡಿಯದ ಕ್ಯಾಪ್ ಇವುಗಳಲ್ಲಿ ಹುಡುಕಬೇಕು. ಹೊಸ ಥರ್ಮೋಸ್ಟಾಟ್ ಹಾಕುವ ಮೊದಲು ಪಾತೆಲಿಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. ಅದರ ಮೇಲೆ 82 ಎಂದು ಒತ್ತಿತ್ತು. ಆ ಬಿಸಿಯ ಹತ್ತಿರಹತ್ತಿರ ಬಾಯಿ ಬಿಡತೊಡಗಿತು. ಹೊಸದೆಂದು ಪರೀಕ್ಷೆ ಬಿಡಬಾರದು.

ಪೆಟ್ರೋಲ್ ವಿಷಯದಲ್ಲಿ ಈಗ ಹೊಸ ಚಿಂತೆಯೊಂದಿದೆ. ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. 1997ರ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಟ್ಯಾಂಕಿನಿಂದ ಕಾರ್ಬ್ಯುರೇಟರ್ ತನಕದ ರಬ್ಬರ್ ಪೈಪುಗಳು ಮೆತ್ತಗಾಗಿ, ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎಲ್ಲವನ್ನೂ ಎಥನಾಲ್ ತಡೆಯುವ ಪೈಪಿಗೆ ಬದಲಿಸಿದೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಕೂಡ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಕಾರ್ಬ್ಯುರೇಟರಿನ ಹಳೆಯ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತು) ಇಂಜಿನ್ನಿಗೆ ಗಾಳಿ ತುಸು ಹೆಚ್ಚಾಗಿ, ಇಂಧನ ತುಸು ಕಡಿಮೆಯಾಗಿ ಸಿಗುತ್ತದೆ. ಕಾರ್ಬ್ಯುರೇಟರ್ ತೊಳೆದು, ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಮತ್ತೆ ಹೊಂದಿಸಿದ ಮೇಲೆ ಸಮವಾಯಿತು. ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಸರಿಪಡಿಸಲಾಗದು. ಗಾಳಿ ಹೊಡೆದರೆ ಸಾಕು. ಎಥನಾಲ್ ನೀರು ಹೀರುವುದರಿಂದ, ಕಾರು ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಕಾರ್ಬ್ಯುರೇಟರಿನ ಬಟ್ಟಲು ಖಾಲಿ ಮಾಡಿಡುವುದು ಮೇಲು.

ತುಕ್ಕು. ಧಾರವಾಡದ ಜಿಟಿಜಿಟಿ ಮಳೆಯ ಕಾರಿಗೆ ತುಕ್ಕು ಹಿಡಿಯುವುದು ಸಹಜ, ಒಣ ಗದಗಿಗೆ ಎಲ್ಲಿಯ ತುಕ್ಕು ಎಂದು ನನ್ನನ್ನು ಕೇಳಿದವರಿದ್ದಾರೆ. ಎರಿ ಮಣ್ಣು ನೀರು ಹೀರಿ ಉಬ್ಬುತ್ತದೆ, ಮೇಲೆ ಒಣಗಿ ಬಿರಿದರೂ ಒಳಗೆ ತೇವ ಇಟ್ಟುಕೊಂಡಿರುತ್ತದೆ. ಅದು ಚಕ್ರದ ಮೇಲಿನ ಕಮಾನಿನಲ್ಲಿ, ಬಾಗಿಲ ಕೆಳಗಿನ ಸಿಲ್‌ನಲ್ಲಿ ಗಟ್ಟಿಯಾಗಿ ಕೂತು ತಗಡನ್ನು ಒಳಗಿಂದ ತಿನ್ನುತ್ತದೆ. ಬಾಗಿಲಿನ ಅಡಿಯ ನೀರಿಳಿಯುವ ತೂತುಗಳೆಲ್ಲ ಅದೇ ಮಣ್ಣಿನಿಂದ ಮುಚ್ಚಿದ್ದವು. ಸ್ಕ್ರೂ ಡ್ರೈವರಿನ ಹಿಡಿಯಿಂದ ಕುಟ್ಟುತ್ತ ಹೋದರೆ ಒಳ್ಳೆಯ ತಗಡು ಠಣ್ ಎನ್ನುತ್ತದೆ, ತಿಂದ ತಗಡು ದಬ್ ಎನ್ನುತ್ತದೆ. ಡ್ರೈವರ್ ಮ್ಯಾಟಿನ ಕೆಳಗೆ ಅಂಗೈ ಅಗಲ ದಬ್ ಎಂದಿತು. ಟಿಂಕರಿಂಗ್ ಮಾಡುವವರನ್ನು ಮನೆಗೇ ಕರೆಸಿ, ತಿಂದದ್ದನ್ನೆಲ್ಲ ಕತ್ತರಿಸಿ, ಹೊಸ ತಗಡು ಬೆಸೆಸಿದೆ. ಬೆಸುಗೆಗೆ ಮೊದಲು ಬ್ಯಾಟರಿ ಕಳಚಿ, ಸುತ್ತಲಿನ ಮ್ಯಾಟು, ಪೈಪು ತೆಗೆದು, ಪಕ್ಕದಲ್ಲಿ ನೀರಿನ ಕೊಡ, ಮರಳು ಇಟ್ಟುಕೊಂಡಿದ್ದೆವು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವುದಕ್ಕೆ ನಾನು ಒಪ್ಪುವುದಿಲ್ಲ, ಒಂದು ಮಳೆಗಾಲಕ್ಕೆ ಉಬ್ಬಿ ಬರುತ್ತದೆ. ಪ್ಯಾಚಿಗೆ ಎಪಾಕ್ಸಿ ಪ್ರೈಮರ್, ಅಂಚಿಗೆ ಸೀಲರ್, ಅಡಿಗೆ ಅಂಡರ್‌ಕೋಟ್. ಹೊರಗಿನ ಬಣ್ಣ ಹಳೆಯದೇ ಇದೆ, ಇರಲಿ.

ಮುಂದಿನ ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದಿತ್ತು. ಗ್ರೀಸ್ ಹೋಗಿ ಮಣ್ಣು ಸೇರಿದರೆ ಜಾಯಿಂಟ್ ಮುಗಿಯಿತು. ಅದೃಷ್ಟಕ್ಕೆ ತೊಳೆದು ನೋಡಿದಾಗ ಗುಂಡುಗಳ ಮೇಲೆ ಗೀರು ಇರಲಿಲ್ಲ, ಬೂಟ್ ಮತ್ತು ಗ್ರೀಸಿನಲ್ಲೇ ಮುಗಿಯಿತು. ಹಿಂದಿನ ವೀಲ್ ಸಿಲಿಂಡರ್, ಬ್ರೇಕ್ ಹೋಸ್, ಆಯಿಲ್ ಹೊಸದು ಹಾಕಿದೆ. ಬ್ರೇಕಿನಲ್ಲಿ ಉಳಿತಾಯದ ಮಾತು ಬೇಡ. ಮತ್ತು ಕಾರಿನ ಕೆಳಗೆ ಹೋಗುವಾಗ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ನಮ್ಮ ಮನೆಗಳ ಫರಸಿ ಕಲ್ಲು ಸ್ಟ್ಯಾಂಡಿನ ಕಾಲಿಗೆ ಸೀಳುತ್ತದೆ, ಕೆಳಗೆ ದಪ್ಪ ಹಲಗೆ ಇಡಿ.

ಕಾಗದಪತ್ರದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅರ್ಜಿ ಫಾರ್ಮ್ 25. 2025ರ ಆಗಸ್ಟಿನ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವೇ 10,000 ರೂಪಾಯಿ, ಹಸಿರು ತೆರಿಗೆ ಬೇರೆ. ನನ್ನದು 2027ಕ್ಕೆ ಬರುತ್ತದೆ. ಆರ್‌ಟಿಓದಲ್ಲಿ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳುತ್ತಾರೆ. ಆ ಅಂಕಿಗಳು ತುಕ್ಕಿನಲ್ಲಿ ಮುಳುಗಿದ್ದರೆ ತಾಪತ್ರಯ. ಅದಕ್ಕೇ ಈಗಲೇ ಅಲ್ಲಿ ಮೆತ್ತನೆಯ ಬ್ರಶ್ಶಿನಿಂದ ಒರೆಸಿ, ತೆಳುವಾಗಿ ಗ್ರೀಸ್ ಸವರಿಟ್ಟಿದ್ದೇನೆ.