ಟಿಬಿ ಬಂದ ಆರು ತಿಂಗಳು ಕೆಲಸ ಉಳಿಸಿಕೊಂಡದ್ದು: ನನ್ನ ಅನುಭವ

"ಸೈನ್ ಹಾಕ್ಬಿಡಿ. ಇಪ್ಪತ್ತೈದು ಸಾವಿರ ಕೊಡ್ತೀವಿ, ಪಿಎಫ್ ಕ್ಲಿಯರ್ ಮಾಡಿಸ್ತೀವಿ. ವಾಸಿಯಾದ ಮೇಲೆ ಬೇರೆ ಕಡೆ ನೋಡ್ಕೊಳ್ಳಿ."

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಎಚ್‌ಆರ್‌ನವರು ರಾಜೀನಾಮೆ ಪತ್ರ ಮುಂದಿಟ್ಟು ಹೇಳಿದ ಮಾತಿದು. ನನ್ನ ಹೆಸರು, ಎಂಪ್ಲಾಯಿ ನಂಬರು ಎಲ್ಲ ಮೊದಲೇ ಟೈಪ್ ಆಗಿತ್ತು. ತಾರೀಖಿನ ಜಾಗ ಮಾತ್ರ ಖಾಲಿ. ಲೈನಿನಲ್ಲಿ ಕೇಳಿದವರೆಲ್ಲ ತಗೋ ಅಂದರು. ನಾನು ತಗೊಳ್ಳಲಿಲ್ಲ. 2023ರ ಜನವರಿ ಕೊನೆಯಲ್ಲಿ ಅದೇ ಮೆಷಿನ್ ಮುಂದೆ, ಅದೇ ನಂಬರಿನಲ್ಲಿ ಪಂಚ್ ಮಾಡಿದೆ. ಸರ್ವಿಸ್ ಒಂದು ದಿನವೂ ಕಟ್ ಆಗಿಲ್ಲ. ಆಗಲ್ಲ ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು.

ನಾನು ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್. ಆಗ ಗ್ರಾಸ್ ಸಂಬಳ 18,600ರ ಹತ್ತಿರ ಇತ್ತು, 21,000ದ ಒಳಗೆ, ಹಾಗಾಗಿ ಇಎಸ್‌ಐ, ಅಂದರೆ ಕಾಯಿಲೆ ಬಿದ್ದರೆ ಚಿಕಿತ್ಸೆಯನ್ನೂ ರಜೆಯ ದಿನಗಳಿಗೆ ದುಡ್ಡನ್ನೂ ಕೊಡುವ ಕಾರ್ಮಿಕರ ವಿಮೆ, ಸಂಬಳದಲ್ಲಿ ಕಟ್ ಆಗುತ್ತಿತ್ತು. ಕಟ್ ಆಗುತ್ತದೆ ಅನ್ನುವುದು ಬಿಟ್ಟು ಬೇರೆ ಏನೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಕೆಮ್ಮು ಶುರುವಾದಾಗ ಮನೆ ಹತ್ತಿರದ ಪ್ರೈವೇಟ್ ಕ್ಲಿನಿಕ್‌ಗೇ ಹೋದೆ. ಮೂರು ಸಲ ಆಂಟಿಬಯೋಟಿಕ್, ಎರಡು ಎಕ್ಸ್‌ರೇ, ಸಿರಪ್ಪು, ಸುಮಾರು 11,000 ರೂಪಾಯಿ ಹೋಯಿತು. ತೂಕ 61ರಿಂದ 52ಕ್ಕೆ ಇಳಿಯಿತು. ಕೊನೆಗೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಕಫದ ಪರೀಕ್ಷೆ ಆಗಿ, ಟಿಬಿ ಅಂತ ಗೊತ್ತಾಗಿದ್ದು ಜುಲೈ ಮಧ್ಯದಲ್ಲಿ.

ಅಷ್ಟರಲ್ಲಿ ಎರಡು ತಪ್ಪು ಆಗಿಹೋಗಿತ್ತು. ಒಂದು, 19 ದಿನದ ರಜೆಗೆ ಪ್ರೈವೇಟ್ ಡಾಕ್ಟರ್ ಸರ್ಟಿಫಿಕೇಟ್ ತಂದಿದ್ದೆ. ನನ್ನ ಇಎಸ್‌ಐ ಬ್ರಾಂಚ್‌ನಲ್ಲಿ ಅದಕ್ಕೆ ದುಡ್ಡು ಹುಟ್ಟಲಿಲ್ಲ. ಇನ್ನೊಂದು, ಸೂಪರ್‌ವೈಸರ್‌ಗೆ ಬರೀ ಫೋನ್ ಮಾಡುತ್ತಿದ್ದೆ, ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕುತ್ತಿದ್ದೆ. "ಆಯ್ತು ಗುರು, ರೆಸ್ಟ್ ತಗೋ" ಅಂತ ಪ್ರೀತಿಯಿಂದಲೇ ಹೇಳುತ್ತಿದ್ದರು. ಆಮೇಲೆ ಕಂಪನಿಯಿಂದ ನೋಟಿಸ್ ಬಂದ ದಿನ ಅವರೇ "ನಂಗೇನೂ ಗೊತ್ತಿಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಹೊಟ್ಟೆಪಾಡು. ಆದರೆ ಬಾಯಿಮಾತಿಗೆ ಸಾಕ್ಷಿ ಇಲ್ಲ.

ಮೂರನೇ ತಪ್ಪು ದೊಡ್ಡದು. ಇಎಸ್‌ಐ ಸರ್ಟಿಫಿಕೇಟು ವಾರ, ಎರಡು ವಾರದ ಲೆಕ್ಕದಲ್ಲಿ ಕೊಡುತ್ತಾರೆ, ಅಲ್ವಾ. ಆಗಸ್ಟ್ ಕೊನೆಯಲ್ಲಿ ಒಂದು ಶುಕ್ರವಾರಕ್ಕೆ ಮುಗಿಯಿತು. ಶನಿವಾರ ಡಾಕ್ಟರ್ ಇರಲಿಲ್ಲ. ಸೋಮವಾರ, ಮಂಗಳವಾರ ನನಗೆ ಏಳಲೇ ಆಗಲಿಲ್ಲ. ಬುಧವಾರ ಹೋದೆ. ನಡುವೆ 4 ದಿನ ಗ್ಯಾಪ್. ಆ 4 ದಿನದ ದುಡ್ಡು ಹೋಗಿದ್ದು ಇರಲಿ, ಕಂಪನಿಯವರು ಅದನ್ನೇ ಹಿಡಿದುಕೊಂಡು ನೋಟಿಸ್ ಕಳಿಸಿದರು: ಮೂರು ದಿನದಲ್ಲಿ ಹಾಜರಾಗದಿದ್ದರೆ ನೀವೇ ಕೆಲಸ ಬಿಟ್ಟಿದ್ದೀರಿ ಅಂತ ತಿಳಿಯುತ್ತೇವೆ, ಹೆಸರು ಮಸ್ಟರ್‌ನಿಂದ ತೆಗೆಯುತ್ತೇವೆ. ಅದಾದ ವಾರಕ್ಕೇ ಆ 25,000ದ ಮಾತು.

ಹೆದರಿ ವಕೀಲರೊಬ್ಬರ ಹತ್ತಿರ ಹೋದೆ. ನೋಟಿಸಿಗೆ ಉತ್ತರ ಬರೆಯಲು 3,500 ತಗೊಂಡರು. ಡ್ರಾಫ್ಟ್ ಬಂತು. ಎರಡು ಪುಟ. ಇಎಸ್‌ಐ ಅನ್ನುವ ಮಾತೇ ಅದರಲ್ಲಿರಲಿಲ್ಲ, ಮಾನವೀಯತೆಯಿಂದ ನೋಡಿ ಅಂತ ಬೇಡಿಕೊಂಡ ಹಾಗಿತ್ತು. ಕಳಿಸಲಿಲ್ಲ. ಮುಂಚೆ ಯೂನಿಯನ್‌ನಲ್ಲಿದ್ದ ಒಬ್ಬ ಅಣ್ಣ ಪಕ್ಕದ ರಸ್ತೆಯಲ್ಲಿದ್ದಾರೆ. ಅವರ ಮನೆಯಲ್ಲಿ ರಾತ್ರಿ ಹತ್ತರವರೆಗೆ ಕೂತು ನಾವೇ ಬರೆದೆವು. ಒಂದೇ ಪುಟ.

ಆ ಪುಟದ ಜೀವ ಇಎಸ್‌ಐ ಕಾಯ್ದೆಯ 73ನೇ ಕಲಂ. ಸಿಕ್‌ನೆಸ್ ಬೆನಿಫಿಟ್ ಪಡೆಯುತ್ತಿರುವಾಗ, ಕಾಯಿಲೆಗೆ ಚಿಕಿತ್ಸೆಯಲ್ಲಿರುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ, ಶಿಕ್ಷೆ ಕೊಡುವ ಹಾಗಿಲ್ಲ. ಆ ಅವಧಿಯಲ್ಲಿ ಕೊಟ್ಟ ಡಿಸ್‌ಮಿಸ್ ನೋಟಿಸ್ ನಡೆಯುವುದೇ ಇಲ್ಲ. ಇಎಸ್‌ಐ ರೆಗ್ಯುಲೇಷನ್ 98ರಲ್ಲಿ ಕಂಪನಿಗೆ ಒಂದು ದಾರಿ ಇದೆ: ಸಾಮಾನ್ಯ ಕಾಯಿಲೆಯಾದರೆ ಸತತ ಆರು ತಿಂಗಳು, ಟಿಬಿಯಂಥದ್ದಾದರೆ ಹದಿನೆಂಟು ತಿಂಗಳು ಚಿಕಿತ್ಸೆ ನಡೆದ ಮೇಲೆ, ನೋಟಿಸ್ ಕೊಟ್ಟು ತೆಗೆಯಬಹುದು. ನನ್ನದು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಜೊತೆಗೆ 1993ರ ಡಿ.ಕೆ. ಯಾದವ್ ಕೇಸು ಹಾಕಿದೆವು. ಎಂಟು ದಿನಕ್ಕಿಂತ ಜಾಸ್ತಿ ಗೈರು ಅಂತ ಸ್ಟ್ಯಾಂಡಿಂಗ್ ಆರ್ಡರ್ (ಕಂಪನಿಯ ಕೆಲಸದ ನಿಯಮ) ತೋರಿಸಿ, ವಿಚಾರಣೆ ಮಾಡದೆ ತೆಗೆದದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ ಕೇಸದು. ಇದೆಲ್ಲ 1948ರ ಇಎಸ್‌ಐ ಕಾಯ್ದೆ ನಡೆಯುತ್ತಿದ್ದಾಗಿನ ಮಾತು. 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ. ಈಗ ಬರೆಯುವವರು ನನ್ನ ಕಲಂ ನಂಬರುಗಳನ್ನೇ ಇಳಿಸಿಕೊಳ್ಳಬೇಡಿ, ಹೊಸದನ್ನು ನೋಡಿಕೊಂಡು ಬರೆಯಿರಿ.

4 ದಿನದ ಗ್ಯಾಪ್ ಬಗ್ಗೆ ಪತ್ರದ ಕೊನೆಯ ಪ್ಯಾರಾದಲ್ಲಿ ಏನು ಬರೆದೆವು ಅನ್ನುವುದನ್ನು ಇಲ್ಲಿ ಹಾಕುವುದಿಲ್ಲ. ಅದು ಎಲ್ಲ ಎಚ್‌ಆರ್‌ಗೂ ಗೊತ್ತಾದರೆ ಮುಂದಿನವರಿಗೆ ಉಪಯೋಗಕ್ಕೆ ಬರಲ್ಲ. ಬೇಕಾದವರಿಗೆ ಎದುರು ಕೂತು ಹೇಳುತ್ತೇನೆ.

ಪತ್ರ ಕೊಡುವುದು ಬೇರೆ ಕಷ್ಟ. ಗೇಟಿನಲ್ಲಿ ಸೆಕ್ಯುರಿಟಿ ಪತ್ರ ತಗೊಂಡರು, ಪ್ರತಿಗೆ ಸೀಲ್ ಹಾಕಲ್ಲ ಅಂದರು. ಆಗ ಒಂದು ಪ್ರಯೋಗ ಮಾಡಿದೆ. ಒಂದೇ ಪತ್ರ ಮೂರು ದಾರಿಯಲ್ಲಿ: ಕೈಯಲ್ಲಿ, ಇಮೇಲ್‌ನಲ್ಲಿ, ರಿಜಿಸ್ಟರ್ ಪೋಸ್ಟಿನಲ್ಲಿ. ಕೈಯಲ್ಲಿ ಕೊಟ್ಟದ್ದು ಎಲ್ಲಿ ಹೋಯಿತೋ. ಇಮೇಲ್‌ಗೆ ಉತ್ತರ ಇಲ್ಲ. ರಿಜಿಸ್ಟರ್ ಪೋಸ್ಟಿನ ಅಕ್ನಾಲೆಡ್ಜ್‌ಮೆಂಟ್ ಕಾರ್ಡು ಆರನೇ ದಿನ ಮನೆಗೆ ಬಂತು, ಕಂಪನಿಯ ದುಂಡು ಸೀಲು ನೀಲಿ ಇಂಕಿನಲ್ಲಿ ಸ್ವಲ್ಪ ಒರಸಿಕೊಂಡಿತ್ತು, ತಾರೀಖು ಮಾತ್ರ ಸ್ಪಷ್ಟ. ಆ ಕಾರ್ಡನ್ನು ಹೆಂಡತಿ ದೇವರ ಮುಂದಿಟ್ಟಳು. ಅಲ್ಲಿಂದ ಮುಂದೆ ಪ್ರತಿ ಸರ್ಟಿಫಿಕೇಟಿನ ಜೆರಾಕ್ಸು, ಎರಡು ಸಾಲಿನ ಪತ್ರ, ರಿಜಿಸ್ಟರ್ ಪೋಸ್ಟು, ಅದೇ ದಿನ ಇಮೇಲು. ಒಟ್ಟು ಹದಿನಾಲ್ಕೋ ಹದಿನೈದೋ ಪತ್ರ. ಪೋಸ್ಟು, ಜೆರಾಕ್ಸು ಎಲ್ಲ ಸೇರಿ 1,000ದ ಆಚೀಚೆ. ವಕೀಲರಿಗೆ ಕೊಟ್ಟದ್ದರ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ನೋಟಿಸಿಗೆ ಕೊಟ್ಟ ಉತ್ತರದ ಒಂದು ಪ್ರತಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೂ (ಕಾರ್ಮಿಕ ಇಲಾಖೆಯ ಕಚೇರಿ) ಕೊಟ್ಟು ಸೀಲ್ ಹಾಕಿಸಿಕೊಂಡೆ. ಆ ಸೀಲಿನ ಜೆರಾಕ್ಸ್ ಕಂಪನಿಗೆ ಹೋದ ಮೇಲೆ ರಾಜೀನಾಮೆ ಮಾತು ಒಮ್ಮೆಯೂ ಬರಲಿಲ್ಲ.

ಸರ್ಟಿಫಿಕೇಟು ಮುಗಿಯುವ ಹಿಂದಿನ ದಿನವೇ ಡಿಸ್ಪೆನ್ಸರಿಯಲ್ಲಿ ಇರಬೇಕು ಅಂತ ನಿಯಮ ಮಾಡಿಕೊಂಡೆ. ಕ್ಯಾಲೆಂಡರಿನಲ್ಲಿ ಮಾತ್ರೆಗೆ ಒಂದು ಟಿಕ್ಕು, ಸರ್ಟಿಫಿಕೇಟಿಗೆ ಕೆಂಪು ಗೆರೆ. ಆಮೇಲೆ ಒಂದು ದಿನವೂ ಗ್ಯಾಪ್ ಬೀಳಲಿಲ್ಲ.

ದುಡ್ಡಿನ ವಿಷಯ. ಮೊದಲ 91 ದಿನಕ್ಕೆ ಸಿಕ್‌ನೆಸ್ ಬೆನಿಫಿಟ್, ಸಂಬಳದ 70 ಪರ್ಸೆಂಟ್, ನನಗೆ ದಿನಕ್ಕೆ 430ರ ಸುಮಾರು. ಆಮೇಲೆ ಎಕ್ಸ್‌ಟೆಂಡೆಡ್ ಸಿಕ್‌ನೆಸ್ ಬೆನಿಫಿಟ್, 80 ಪರ್ಸೆಂಟ್, ದಿನಕ್ಕೆ 490ರ ಮೇಲೆ. 34 ದೊಡ್ಡ ಕಾಯಿಲೆಗಳಿಗೆ ಆಗ ಇದು ಸಿಗುತ್ತಿತ್ತು, ಟಿಬಿ ಅದರಲ್ಲಿತ್ತು. ಆದರೆ ಎರಡು ವರ್ಷದ ಸರ್ವಿಸು, ಹಿಂದಿನ ನಾಲ್ಕು ಅವಧಿಯಲ್ಲಿ (ಒಂದೊಂದೂ ಆರು ತಿಂಗಳು) 156 ದಿನದ ಕಾಂಟ್ರಿಬ್ಯೂಷನ್ ಇರಬೇಕಿತ್ತು. ಹಾಗಾಗಿ ಕಾಯಿಲೆ ಮಧ್ಯೆ ಕಂಪನಿ ಬದಲಾಯಿಸುವ ಯೋಚನೆ ಇದ್ದರೆ ಇದನ್ನು ಮೊದಲು ಲೆಕ್ಕ ಹಾಕಿ. ಎಲ್ಲ ಸೇರಿ 80,000ಕ್ಕೆ ಸ್ವಲ್ಪ ಮೇಲೆ ಬಂತು. ಮಾತ್ರೆ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಗ ತಿಂಗಳಿಗೆ 500 ರೂಪಾಯಿ ಬೇರೆ.

ಆದರೆ ಹೇಳಿದ ಹೊತ್ತಿಗೆ ಬರಲಿಲ್ಲ. ಆ ದಿನಗಳಲ್ಲಿ ನಾನು ಕೆಲಸ ಮಾಡಿಲ್ಲ ಅಂತ ಕಂಪನಿ ತುಂಬಿಕೊಡುವ ಫಾರ್ಮ್ 10 ಮೂರು ವಾರ ಎಚ್‌ಆರ್ ಟೇಬಲ್ ಮೇಲೆ ಕೂತಿತ್ತು. ಅದಕ್ಕೂ ಒಂದು ರಿಜಿಸ್ಟರ್ ಪೋಸ್ಟ್ ಹಾಕಬೇಕಾಯಿತು. ಆ ಮೂರು ವಾರದಲ್ಲಿ ಗೆಳೆಯನೊಬ್ಬ ತನ್ನ ಲೇತ್ ವರ್ಕ್‌ಶಾಪ್‌ನಲ್ಲಿ ಸುಮ್ನೆ ಕೂತು ಮಾಡುವ ಕೆಲಸ ಕೊಡುತ್ತೇನೆ ಅಂದ. ದಿನಕ್ಕೆ 400. ಮನೆಯಲ್ಲಿ ಅಕ್ಕಿ ಡಬ್ಬ ತಳ ಕಂಡಿತ್ತು. ಹೋಗಲಿಲ್ಲ. ಬೆನಿಫಿಟ್ ತಗೊಳ್ಳುತ್ತಾ ಒಂದು ದಿನ ಬೇರೆ ಕಡೆ ಕೆಲಸ ಮಾಡಿದ್ದು ಗೊತ್ತಾದರೂ ಇಷ್ಟು ದಿನದ ಪತ್ರವೆಲ್ಲ ನೀರುಪಾಲು. ನಾದಿನಿಯ ಹತ್ತಿರ 6,000 ಸಾಲ ಮಾಡಿದೆವು.

ವಾಪಸ್ ಹೋಗುವ ಮುಂಚೆ ಇನ್ನೊಂದು ಪ್ರಯೋಗ. ಫಿಟ್‌ನೆಸ್ ಸರ್ಟಿಫಿಕೇಟ್ ತಂದು ಮೂರನೇ ದಿನಕ್ಕೆ ಮೆಷಿನ್ ಮುಂದೆ ಬಿದ್ದರೆ ಅವರಿಗೆ ಹೊಸ ಕಾರಣ ಸಿಕ್ಕಂತೆ. ಅದಕ್ಕೆ ಡಿಸೆಂಬರ್‌ನಿಂದ ಮನೆಯಲ್ಲೇ ಶಿಫ್ಟ್ ಶುರು ಮಾಡಿದೆ. ಸೇಫ್ಟಿ ಶೂ ಹಾಕಿಕೊಂಡು ಅಡುಗೆಮನೆ ಕಟ್ಟೆ ಮುಂದೆ ನಿಲ್ಲುವುದು. ಮೊದಲ ದಿನ 40 ನಿಮಿಷಕ್ಕೆ ಕಾಲು ನಡುಗಿತು. ಜನವರಿ ಎರಡನೇ ವಾರಕ್ಕೆ ನಡುವೆ ಅರ್ಧ ಗಂಟೆ ಬಿಟ್ಟು ಏಳೂವರೆ ಗಂಟೆ ನಿಂತೆ. ತೂಕ 58ಕ್ಕೆ ಬಂದಿತ್ತು.

ಫಿಟ್‌ನೆಸ್‌ನಲ್ಲಿ ಬರೀ ಕೆಲಸಕ್ಕೆ ಯೋಗ್ಯ ಅಂತ ಬರೆಸಿಕೊಂಡು ಬರಬೇಡಿ. ಇವರಿಂದ ಬೇರೆಯವರಿಗೆ ಕಾಯಿಲೆ ಹರಡುವುದಿಲ್ಲ ಅನ್ನುವ ಒಂದು ಸಾಲು ಕೇಳಿ ಬರೆಸಿಕೊಂಡೆ. ಕ್ಯಾಂಟೀನಿನಲ್ಲಿ ನನಗೆ ಬೇರೆ ಲೋಟ ಇಟ್ಟಿದ್ದರು. ಆ ಸಾಲನ್ನು ತೋರಿಸಿದ ಮೇಲೆ ಎರಡೇ ದಿನದಲ್ಲಿ ತೆಗೆದರು.

ಮೂರು ವಾರದ ಹಿಂದೆ ನಮ್ಮ ಗ್ರೈಂಡಿಂಗ್ ಸೆಕ್ಷನ್ನಿನ ಹುಡುಗನೊಬ್ಬನಿಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ಮೊದಲ ಸರ್ಟಿಫಿಕೇಟಿನ ದಿನವೇ ಪತ್ರ ಹಾಕಿಸಿದೆವು. ನಿನ್ನೆ ರಾತ್ರಿ ಅವನ ಹೆಂಡತಿ ಪೋಸ್ಟ್ ತಲುಪಿದ ರಸೀದಿಯ ಫೋಟೋ ಕಳಿಸಿ, "ಅಣ್ಣ, ತಾರೀಖು ಸರಿ ಇದ್ಯಾ ನೋಡಿ" ಅಂತ ಕೇಳಿದಳು. ಸರಿ ಇತ್ತು.